ಪ್ರಯಾಣ ಪ್ರಶ್ನೋತ್ತರ: ಯುರೋಪಿನ ರೈಲಿಗೆ ಪಾಸೋ, ಬಿಡಿ ಟಿಕೆಟ್ಟೋ?

ಈ ಸಲ ಬಂದಿರುವ ಪತ್ರಗಳಲ್ಲಿ ಅರ್ಧಕ್ಕರ್ಧ ಒಂದೇ ವಿಷಯವನ್ನು ಕುರಿತವು. ಬೇಸಿಗೆ ರಜೆಗೆ ಯುರೋಪಿಗೆ ಹೊರಟಿರುವ ನಮ್ಮ ಓದುಗರಿಗೆ ವಿಮಾನ, ಹೋಟೆಲುಗಳ ವಿಚಾರದಲ್ಲಿ ಅಷ್ಟೇನೂ ಗೊಂದಲವಿಲ್ಲ. ರೈಲಿನ ಮಾತು ಬಂದಾಗ ಮಾತ್ರ ಟ್ರಾವೆಲ್ ಏಜೆಂಟರು ಒಂದು ಹೇಳುತ್ತಾರೆ, ಹೋಗಿ ಬಂದ ನೆಂಟರು ಇನ್ನೊಂದು ಹೇಳುತ್ತಾರೆ, ಮನೆಯ ಮಕ್ಕಳು ಎರಡನ್ನೂ ಅಲ್ಲಗಳೆಯುತ್ತಾರೆ. ಆದ್ದರಿಂದ ಈ ಸಂಚಿಕೆಯ ಅಂಕಣವನ್ನು ಪೂರ್ತಿಯಾಗಿ ಅದಕ್ಕೇ ಮೀಸಲಿಟ್ಟಿದ್ದೇನೆ. ಅಲ್ಲಿನ ದರಗಳು ಆಗಾಗ ಬದಲಾಗುವುದರಿಂದ ಇಲ್ಲಿ ಕೊಟ್ಟಿರುವ ಬೆಲೆಗಳನ್ನು ಅಂದಾಜು ಎಂದೇ ತಿಳಿದು, ಹಣ ಕಟ್ಟುವ ದಿನ ಮತ್ತೊಮ್ಮೆ ನೋಡಿಕೊಳ್ಳಬೇಕು.

ಪ್ರಶ್ನೆ: ನಾನು ಬ್ಯಾಂಕಿನಿಂದ ನಿವೃತ್ತನಾದವನು, ವಯಸ್ಸು 66, ನನ್ನ ಪತ್ನಿಗೆ 61. ಮೇ ತಿಂಗಳಿನಲ್ಲಿ 18 ದಿನ ಪ್ಯಾರಿಸ್, ಸ್ವಿಟ್ಜರ್ಲೆಂಡಿನ ಇಂಟರ್‌ಲಾಕೆನ್, ವೆನಿಸ್, ಫ್ಲಾರೆನ್ಸ್, ರೋಮ್ ನೋಡಬೇಕೆಂದಿದ್ದೇವೆ. ಯೂರೇಲ್ ಪಾಸ್ ತೆಗೆದುಕೊಂಡರೆ ಎಲ್ಲ ರೈಲುಗಳಿಗೂ ಆಗುತ್ತದೆ, ಮತ್ತೇನೂ ಖರ್ಚಿಲ್ಲ ಎಂದು ಏಜೆಂಟರು ಹೇಳುತ್ತಿದ್ದಾರೆ. ಬಿಡಿ ಟಿಕೆಟ್ಟೇ ಅಗ್ಗ ಎಂದು ಮಗ ವಾದಿಸುತ್ತಿದ್ದಾನೆ. ಯಾರ ಮಾತು ಕೇಳಲಿ? (ಜಯನಗರದ ಓದುಗರು)

ಉತ್ತರ: ತಮ್ಮ ಊರುಗಳ ಪಟ್ಟಿಯನ್ನು ನೋಡಿದರೆ ಮಗನ ಮಾತಿನಲ್ಲೇ ಹೆಚ್ಚು ಹುರುಳಿದೆ. ‘ಮತ್ತೇನೂ ಖರ್ಚಿಲ್ಲ’ ಎಂಬ ಏಜೆಂಟರ ಮಾತಂತೂ ಸರಿಯಲ್ಲ.

ಯೂರೇಲ್ ಎಂಬುದು ಯುರೋಪಿನ ಹೊರಗೆ ವಾಸಿಸುವವರಿಗಾಗಿ 1959ರಲ್ಲಿ ಆರಂಭವಾದ ಪಾಸ್. ಈಗ ಅದರ ಗ್ಲೋಬಲ್ ಪಾಸ್ 33 ದೇಶಗಳಲ್ಲಿ ನಡೆಯುತ್ತದೆ. ಅದನ್ನು ಅರ್ಥ ಮಾಡಿಕೊಳ್ಳಲು ನಮ್ಮ ಬಿಎಂಟಿಸಿಯ ದಿನದ ಪಾಸನ್ನು ನೆನಪಿಸಿಕೊಂಡರೆ ಸಾಕು. ಬೆಳಿಗ್ಗೆ ಬನಶಂಕರಿಯಲ್ಲಿ ಹತ್ತಿ ಮೆಜೆಸ್ಟಿಕ್, ಅಲ್ಲಿಂದ ಯಶವಂತಪುರ, ಮತ್ತೆ ಶಿವಾಜಿನಗರ ಎಂದು ನಾಲ್ಕಾರು ಬಸ್ಸು ಬದಲಿಸುವವರಿಗೆ ಆ ಪಾಸಿನಿಂದ ಲಾಭ. ಹೋಗಿ ಬರಲು ಎರಡೇ ಬಸ್ಸು ಹತ್ತುವವರಿಗೆ ನಷ್ಟ. ಅದನ್ನು ಹಿಡಿದು ವಜ್ರ ಬಸ್ಸಿಗೆ ಹತ್ತಿದರೆ ಕಂಡಕ್ಟರು ಒಪ್ಪುವುದಿಲ್ಲ. ಯುರೋಪಿನ ವೇಗದ ರೈಲುಗಳದ್ದೂ ಬಹುಮಟ್ಟಿಗೆ ಇದೇ ಕಥೆ. ಫ್ರಾನ್ಸಿನ ಟಿಜಿವಿ, ಇಟಲಿಯ ಫ್ರೆಚ್ಚಾರೋಸ್ಸಾ, ಸ್ಪೇನಿನ ಆವೆ, ಯೂರೋಸ್ಟಾರ್ ಇವುಗಳಲ್ಲಿ ಪಾಸ್ ಇದ್ದವರೂ ಪ್ರತಿ ಪ್ರಯಾಣಕ್ಕೆ ಬೇರೆಯಾಗಿ ಹಣ ಕೊಟ್ಟು ಸೀಟು ಕಾಯ್ದಿರಿಸಲೇಬೇಕು. ಇಟಲಿಯ ಒಳಗಾದರೆ ತಲೆಗೆ 10ರಿಂದ 13 ಯೂರೊ. ಪ್ಯಾರಿಸ್‌ನಿಂದ ಸ್ವಿಟ್ಜರ್ಲೆಂಡಿಗೆ ಹೋಗುವ ಲೀರಿಯಾ ರೈಲಿನಲ್ಲಿ ಅದರ ದುಪ್ಪಟ್ಟಿಗೂ ಹೆಚ್ಚು. ಇಟಲಿಯಲ್ಲಿ ಓಡುವ ಖಾಸಗಿ ರೈಲು ಇಟಾಲೊ, ಫ್ರಾನ್ಸಿನ ಅಗ್ಗದ ರೈಲು ವಿಗೋ ಇವೆರಡರಲ್ಲಿ ಪಾಸ್ ನಡೆಯುವುದೇ ಇಲ್ಲ.

ಈಗ ಲೆಕ್ಕಕ್ಕೆ ಬರೋಣ. ಬ್ಯಾಂಕಿನಲ್ಲಿದ್ದ ತಮಗೆ ಇದು ಕಷ್ಟವಾಗಲಾರದು. ತಮ್ಮ ಯೋಜನೆಯಲ್ಲಿ ದೂರದ ಪ್ರಯಾಣದ ದಿನಗಳು ನಾಲ್ಕೇ: ಪ್ಯಾರಿಸ್‌ನಿಂದ ಇಂಟರ್‌ಲಾಕೆನ್, ಇಂಟರ್‌ಲಾಕೆನ್‌ನಿಂದ ಮಿಲಾನ್ ಮೂಲಕ ವೆನಿಸ್, ವೆನಿಸ್‌ನಿಂದ ಫ್ಲಾರೆನ್ಸ್, ಫ್ಲಾರೆನ್ಸ್‌ನಿಂದ ರೋಮ್. ಒಂದು ತಿಂಗಳೊಳಗೆ ಯಾವುದಾದರೂ ನಾಲ್ಕು ದಿನ ಓಡಾಡುವ ಪಾಸಿನ ಬೆಲೆ ಎರಡನೇ ದರ್ಜೆಗೆ ಸುಮಾರು 280 ಯೂರೊ. 60 ದಾಟಿದವರಿಗೆ ನೂರಕ್ಕೆ ಹತ್ತು ರಿಯಾಯಿತಿಯಿರುವುದರಿಂದ ತಮ್ಮಿಬ್ಬರಿಗೂ ತಲಾ 250 ಯೂರೊ ಎಂದಿಟ್ಟುಕೊಳ್ಳಿ. ಅಂದರೆ ದಿನಕ್ಕೆ 60 ಯೂರೊಗಿಂತ ಹೆಚ್ಚು, ಅದರ ಮೇಲೆ ಸೀಟಿನ ಹಣ. ಇತ್ತ ಬಿಡಿ ಟಿಕೆಟ್ಟನ್ನು ನೋಡಿದರೆ, ಫ್ಲಾರೆನ್ಸ್‌ನಿಂದ ರೋಮಿಗೆ ವೇಗದ ರೈಲಿನಲ್ಲಿ ಒಂದೂವರೆ ಗಂಟೆಯ ಹಾದಿ. ಒಂದೆರಡು ತಿಂಗಳು ಮುಂಚೆ ತೆಗೆದರೆ ಇಪ್ಪತ್ತು–ಮೂವತ್ತು ಯೂರೊಗೆ ಸಿಗುವ ಟಿಕೆಟ್ಟಿಗಾಗಿ ಪಾಸಿನ ಒಂದು ಇಡೀ ದಿನವನ್ನು ಖರ್ಚು ಮಾಡುವುದು ಜಾಣತನವಲ್ಲ. ವೆನಿಸ್–ಫ್ಲಾರೆನ್ಸ್ ಕೂಡ ಎರಡು ಗಂಟೆಯ ಹಾದಿ, ದರವೂ ಹೆಚ್ಚುಕಡಿಮೆ ಅಷ್ಟೇ. 2012ರಲ್ಲಿ ಇಟಾಲೊ ಬಂದ ಮೇಲೆ ಸರ್ಕಾರಿ ಸ್ವಾಮ್ಯದ ಟ್ರೆನಿಟಾಲಿಯಾಕ್ಕೂ ಅದಕ್ಕೂ ಪೈಪೋಟಿ ಬಿದ್ದು, ಈ ಮಾರ್ಗಗಳಲ್ಲಿ ಮುಂಗಡ ಟಿಕೆಟ್ ತೆಗೆಯುವವರಿಗೆ ಅನುಕೂಲವೇ ಆಗಿದೆ.

ಆದರೆ ಮಗನಿಗೆ ಒಂದು ಎಚ್ಚರಿಕೆಯ ಮಾತು ಹೇಳಬೇಕು. ಆ ಅಗ್ಗದ ಟಿಕೆಟ್ಟು ಅದೇ ದಿನ, ಅದೇ ಹೊತ್ತಿನ, ಅದೇ ರೈಲಿಗೆ ಮಾತ್ರ ಸಲ್ಲುತ್ತದೆ. ನಮ್ಮ ಶತಾಬ್ದಿ ರೈಲುಗಳಲ್ಲಿ 2016ರಿಂದ ಜಾರಿಯಲ್ಲಿರುವ ಫ್ಲೆಕ್ಸಿ ದರದಂತೆ, ಸೀಟುಗಳು ತುಂಬುತ್ತ ಹೋದ ಹಾಗೆ ಅಲ್ಲಿಯೂ ಬೆಲೆ ಏರುತ್ತದೆ. ಅದೇ ಫ್ಲಾರೆನ್ಸ್–ರೋಮ್ ಟಿಕೆಟ್ಟನ್ನು ಹೊರಡುವ ದಿನ ನಿಲ್ದಾಣದಲ್ಲಿ ಕೇಳಿದರೆ 50 ಯೂರೊ ದಾಟಿರುತ್ತದೆ. ತಮಗೆ ಊರು, ಹೋಟೆಲು, ತಾರೀಖು ಎಲ್ಲವೂ ನಿಶ್ಚಯವಾಗಿರುವುದರಿಂದ ಮುಂಗಡ ಟಿಕೆಟ್ಟಿನ ಈ ಕಟ್ಟುಪಾಡು ಭಾರವೆನಿಸಲಾರದು. ತೀರಾ ಮುಂಜಾನೆಯ ರೈಲನ್ನಂತೂ ಆರಿಸಬೇಡಿ. ಹೋಟೆಲು ಬಿಟ್ಟು, ಪೆಟ್ಟಿಗೆ ಎಳೆದುಕೊಂಡು, ನಮ್ಮಲ್ಲಿಯ ಹಾಗೆ ಕೂಲಿಯವರು ಸಿಗದ ಊರಿನಲ್ಲಿ ಪ್ಲಾಟ್‌ಫಾರ್ಮ್ ಹುಡುಕುವ ವೇಳೆಗೆ ಎಷ್ಟು ಹೊತ್ತಾಗುತ್ತದೆಂಬುದು ಹೋದವರಿಗೇ ಗೊತ್ತು. ಹತ್ತೂವರೆ, ಹನ್ನೊಂದರ ಗಾಡಿ ಆದೀತು.

ಇದನ್ನು ಬರೆಯುವಾಗ ನನ್ನದೇ ತಪ್ಪೊಂದು ನೆನಪಾಗುತ್ತದೆ. ಪಾಸ್ ಇನ್ನೂ ಕಾಗದದ ರೂಪದಲ್ಲಿದ್ದ ಕಾಲದಲ್ಲಿ, ಇಲ್ಲಿಂದಲೇ ಎಂಟು ದಿನದ ಪಾಸ್ ಕೊಂಡು ನಾವಿಬ್ಬರೂ ಇಟಲಿಗೆ ಹೋಗಿದ್ದೆವು. ಪ್ರಯಾಣದ ದಿನ ಬೆಳಿಗ್ಗೆ ಅದರ ಪುಟ್ಟ ಚೌಕದಲ್ಲಿ ಪೆನ್ನಿನಿಂದ ತಾರೀಖು ಬರೆಯಬೇಕಿತ್ತು. ಒಮ್ಮೆ ಬರೆದುದನ್ನು ತಿದ್ದಿದರೆ ಪಾಸ್ ಅಸಿಂಧು. ನನ್ನ ಹೆಂಡತಿ ಅದನ್ನು ಜಮೀನಿನ ಪತ್ರದಂತೆ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ, ತಾರೀಖು ಬರೆಯುವ ಮುನ್ನ ಎರಡು ಸಲ ಕ್ಯಾಲೆಂಡರು ನೋಡಿಸುತ್ತಿದ್ದಳು. ಅಷ್ಟು ಜೋಪಾನ ಮಾಡಿದ ಪಾಸಿನಲ್ಲಿ, ಊರಿಗೆ ಮರಳುವಾಗ ಮೂರು ಚೌಕಗಳು ಖಾಲಿಯಾಗಿಯೇ ಉಳಿದಿದ್ದವು. ಹಣ ಕೊಟ್ಟ ದಿನಗಳನ್ನೆಲ್ಲ ಬಳಸಿಯೇ ಬಳಸುತ್ತೇವೆ ಎಂದುಕೊಳ್ಳುವುದು ಪಾಸ್ ಕೊಳ್ಳುವವರು ಸಾಮಾನ್ಯವಾಗಿ ಮಾಡುವ ತಪ್ಪು.

ಇನ್ನು ತಮ್ಮ ಮಾರ್ಗದ ಬಗ್ಗೆ ಎರಡು ಮಾತು. ಇಂಟರ್‌ಲಾಕೆನ್‌ಗೆ ಹೋಗಲು ಹತ್ತಬೇಕಾದ, ಜ್ಯೂರಿಕ್ ಕಡೆಯ ಲೀರಿಯಾ ರೈಲು ಪ್ಯಾರಿಸ್‌ನ ಗಾರ್ ದ ಲಿಯೋ ನಿಲ್ದಾಣದಿಂದ ಹೊರಡುತ್ತದೆ. ಪ್ಯಾರಿಸ್‌ನಲ್ಲಿ ದೊಡ್ಡ ನಿಲ್ದಾಣಗಳು ಆರೇಳು ಇರುವುದರಿಂದ ಹೆಸರನ್ನು ಗಮನಿಸಿ. ಇಂಟರ್‌ಲಾಕೆನ್‌ನಿಂದ ಇಟಲಿಗೆ ಹೋಗಲು ಮತ್ತೆ ಜ್ಯೂರಿಕ್ ಕಡೆಗೆ ಹೋಗುವ ಅಗತ್ಯವಿಲ್ಲ. ಹತ್ತಿರದ ಸ್ಪೀಜ್‌ನಲ್ಲಿ ಬದಲಿಸಿದರೆ, 2007ರಲ್ಲಿ ತೆರೆದ ಲೋಚ್‌ಬೆರ್ಗ್ ತಳ ಸುರಂಗ ಮತ್ತು ಹಳೆಯ ಸಿಂಪ್ಲನ್ ಸುರಂಗಗಳನ್ನು ಹಾದು ಮೂರು ಗಂಟೆಯ ಆಸುಪಾಸಿನಲ್ಲಿ ನೇರವಾಗಿ ಮಿಲಾನ್ ತಲುಪುವ ರೈಲುಗಳಿವೆ. ವೆನಿಸ್‌ನಲ್ಲಿ ಮೊದಲು ಬರುವ ಮೆಸ್ತ್ರೆ ನಿಲ್ದಾಣದಲ್ಲಿ ಇಳಿದುಬಿಡಬೇಡಿ. ಅದು ನೀರಿನ ಈಚೆಯ ದಡ. ಟಿಕೆಟ್ಟಿನ ಮೇಲೆ ಸಾಂತಾ ಲೂಚಿಯಾ ಎಂದಿರಬೇಕು. ಆ ನಿಲ್ದಾಣದ ಮೆಟ್ಟಿಲಿಳಿದರೆ ಎದುರಿಗೇ ದೊಡ್ಡ ಕಾಲುವೆ.

ಪ್ರಶ್ನೆ: ಏಪ್ರಿಲ್ ಕೊನೆಗೆ ನಾವಿಬ್ಬರು, 14 ಮತ್ತು 9 ವರ್ಷದ ಇಬ್ಬರು ಮಕ್ಕಳು ಒಂದು ವಾರ ಸ್ವಿಟ್ಜರ್ಲೆಂಡ್ ಮಾತ್ರ ನೋಡಿಬರುತ್ತೇವೆ. ಯೂರೇಲ್, ಸ್ವಿಸ್ ಟ್ರಾವೆಲ್ ಪಾಸ್, ಹಾಫ್ ಫೇರ್ ಕಾರ್ಡ್ ಎಂದು ಮೂರು ಹೆಸರು ಕೇಳಿದ್ದೇವೆ. ಯಾವುದು ಒಳ್ಳೆಯದು? (ಮಲ್ಲೇಶ್ವರದ ಓದುಗರು)

ಉತ್ತರ: ಸ್ವಿಟ್ಜರ್ಲೆಂಡ್ ಒಂದನ್ನೇ ನೋಡುವವರಿಗೆ ಯೂರೇಲ್ ಬೇಡ. ಅದು ಊರಿನಿಂದ ಊರಿಗೆ ಹೋಗುವ ರೈಲುಗಳಿಗೆ ಸರಿಹೋಗುತ್ತದೆ. ಬಸ್ಸು, ಟ್ರಾಮುಗಳಿಗೆ ಒದಗುವುದಿಲ್ಲ, ಬೆಟ್ಟದ ರೈಲುಗಳಲ್ಲಿ ಕೊಡುವುದು ಹೆಚ್ಚೆಂದರೆ ಒಂದಿಷ್ಟು ರಿಯಾಯಿತಿ. ಉಳಿದ ಎರಡರ ನಡುವೆ ಆರಿಸುವಾಗ ನೀವು ನಿಮ್ಮನ್ನೇ ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ನಿಮ್ಮ ಖರ್ಚು ಹೆಚ್ಚಾಗಿ ಆಗುವುದು ಬಯಲಿನಲ್ಲೋ, ಬೆಟ್ಟದಲ್ಲೋ?

ಸ್ವಿಸ್ ಟ್ರಾವೆಲ್ ಪಾಸ್ 3, 4, 6, 8 ಮತ್ತು 15 ದಿನಗಳಿಗೆ ಸಿಗುತ್ತದೆ. ರೈಲು, ಅಂಚೆ ಇಲಾಖೆಯ ಹಳದಿ ಬಸ್ಸು, ಸರೋವರದ ದೋಣಿ, ಊರೊಳಗಿನ ಟ್ರಾಮು, 500ರಷ್ಟು ವಸ್ತುಸಂಗ್ರಹಾಲಯಗಳು ಎಲ್ಲವೂ ಅದರಲ್ಲಿ ಸೇರಿವೆ. ಲೂಸರ್ನ್ ಬಳಿಯ ರೀಗಿ ಬೆಟ್ಟಕ್ಕೂ ಅದರಲ್ಲೇ ಹೋಗಿಬರಬಹುದು. ಆದರೆ ನಮ್ಮವರೆಲ್ಲ ಆಸೆಪಟ್ಟು ಹೋಗುವ, 3,454 ಮೀಟರ್ ಎತ್ತರದ ಯುಂಗ್‌ಫ್ರಾಯೋಖ್ ಅದರಲ್ಲಿ ಸೇರಿಲ್ಲ. ವೆಂಗೆನ್ ಅಥವಾ ಗ್ರಿಂಡೆಲ್‌ವಾಲ್ಡ್‌ವರೆಗೆ ಪಾಸ್ ನಡೆಯುತ್ತದೆ. ಅಲ್ಲಿಂದ ಮೇಲಕ್ಕೆ ಕಾಲುಭಾಗ ರಿಯಾಯಿತಿ ಕಳೆದು ಉಳಿದದ್ದನ್ನು ಕೈಯಿಂದ ಕೊಡಬೇಕು. ಇಂಟರ್‌ಲಾಕೆನ್‌ನಿಂದ ಅಲ್ಲಿಗೆ ಹೋಗಿಬರುವ ಪೂರ್ತಿ ದರ 200 ಸ್ವಿಸ್ ಫ್ರಾಂಕ್ ದಾಟುತ್ತದೆ ಎಂಬುದನ್ನು ಗಮನದಲ್ಲಿಟ್ಟುಕೊಂಡರೆ, ಆ ‘ಉಳಿದದ್ದು’ ಸಣ್ಣ ಮೊತ್ತವಲ್ಲವೆಂದು ತಿಳಿಯುತ್ತದೆ.

ಹಾಫ್ ಫೇರ್ ಕಾರ್ಡಿನ ಕೆಲಸ ಅದರ ಹೆಸರಿನಲ್ಲೇ ಇದೆ. ಒಮ್ಮೆ ಕೊಂಡರೆ ಒಂದು ತಿಂಗಳು ರೈಲು, ಬಸ್ಸು, ದೋಣಿಗಳ ಟಿಕೆಟ್ಟು ಅರ್ಧ ಬೆಲೆಗೆ ಸಿಗುತ್ತದೆ. ಯುಂಗ್‌ಫ್ರಾಯೋಖ್ ಸೇರಿದಂತೆ ಹೆಚ್ಚಿನ ಬೆಟ್ಟದ ರೈಲು, ಕೇಬಲ್ ಕಾರುಗಳಿಗೂ ಅರ್ಧವೇ. ಇಂಟರ್‌ಲಾಕೆನ್‌ನಲ್ಲಿ ಬೀಡುಬಿಟ್ಟು ಎರಡು ಮೂರು ಬೆಟ್ಟ ಹತ್ತಿಳಿಯುವವರಿಗೆ ಇದೇ ಸರಿ. ಜ್ಯೂರಿಕ್, ಬರ್ನ್, ಮಾಂಟ್ರೋ, ಜಿನೀವಾ ಎಂದು ದಿನಕ್ಕೊಂದು ಊರು ಸುತ್ತುವವರಿಗೆ ಟ್ರಾವೆಲ್ ಪಾಸ್ ಸರಿ. ನೀವು ಯಾವ ಗುಂಪಿಗೆ ಸೇರುತ್ತೀರೆಂದು ತಿಳಿಯಲು ಸ್ವಿಸ್ ರೈಲ್ವೆಯ ಆ್ಯಪ್ ತೆರೆದು, ನಿಮ್ಮ ವಾರದ ಪ್ರಯಾಣಗಳ ಪೂರ್ತಿ ದರವನ್ನು ಒಂದೊಂದಾಗಿ ಬರೆದು ಕೂಡಿಸಿ. ಆ ಮೊತ್ತದ ಅರ್ಧಕ್ಕೆ ಕಾರ್ಡಿನ ಬೆಲೆ ಸೇರಿಸಿದರೆ ಒಂದು ಅಂಕಿ; ಟ್ರಾವೆಲ್ ಪಾಸಿನ ಬೆಲೆಗೆ ಬೆಟ್ಟದ ಹೆಚ್ಚುವರಿ ಸೇರಿಸಿದರೆ ಇನ್ನೊಂದು. ಅರ್ಧ ಗಂಟೆಯ ಕೆಲಸ, ಮನೆಯ 14 ವರ್ಷದವರಿಗೇ ವಹಿಸಬಹುದು.

ಮಕ್ಕಳ ವಿಚಾರದಲ್ಲಿ ಚಿಂತೆಯೇ ಬೇಡ. ಇವೆರಡರಲ್ಲಿ ಯಾವುದನ್ನು ಕೊಂಡರೂ, ಕೊಳ್ಳುವಾಗಲೇ ಸ್ವಿಸ್ ಫ್ಯಾಮಿಲಿ ಕಾರ್ಡ್ ಕೇಳಿ ಪಡೆಯಿರಿ. ಅದಕ್ಕೆ ಬೇರೆ ಹಣವಿಲ್ಲ. ತಂದೆ ಅಥವಾ ತಾಯಿಯ ಜೊತೆಗಿರುವ 16 ತುಂಬದ ಮಕ್ಕಳು ಅದರಿಂದ ಉಚಿತವಾಗಿ ಪ್ರಯಾಣಿಸುತ್ತಾರೆ. ಪುಕ್ಕಟೆಯಾಗಿ ಸಿಗುವ ಈ ಕಾರ್ಡನ್ನು ಪಾಸ್ ಮಾರುವವರು ತಾವಾಗಿ ನೆನಪಿಸುತ್ತಾರೆಂದು ನಂಬಿ ಕೂರಬೇಡಿ.

ಏಪ್ರಿಲ್ ಕೊನೆಯೆಂದಿರಿ. ಆ ದಿನಗಳಲ್ಲಿ ಬೆಟ್ಟದ ಮೇಲಿನ ಹವೆಯನ್ನು ಮುಂಚಿತವಾಗಿ ಹೇಳುವುದು ಕಷ್ಟ. ಆ ಶಿಖರಗಳಲ್ಲಿ ಇಟ್ಟಿರುವ ಕ್ಯಾಮೆರಾಗಳ ನೇರ ದೃಶ್ಯ ಫೋನಿನಲ್ಲೇ ಸಿಗುತ್ತದೆ. ಬೆಳಿಗ್ಗೆ ತಿಂಡಿ ತಿನ್ನುತ್ತಲೇ ನೋಡಿ, ಬರೀ ಬಿಳಿ ಮಂಜು ಕಂಡರೆ ಆ ದಿನ ದೋಣಿ ಹತ್ತಿ, ಆಕಾಶ ತಿಳಿಯಾದ ದಿನ ಮೇಲೆ ಹೋಗಿ. ಬೆಂಗಳೂರಿನಲ್ಲಿ ಕುಳಿತು ಇಂಥ ದಿನವೇ ಯುಂಗ್‌ಫ್ರಾಯೋಖ್ ಎಂದು ನಿಗದಿ ಮಾಡಿ ಹಣ ಕಟ್ಟಿದವರು ಅಷ್ಟು ದುಡ್ಡು ಕೊಟ್ಟು ಮೋಡದೊಳಗೆ ನಿಂತು ಬಂದದ್ದನ್ನು ಕೇಳಿದ್ದೇನೆ. ಸ್ವಿಟ್ಜರ್ಲೆಂಡಿನ ಒಳಗಿನ ಸಾಮಾನ್ಯ ಟಿಕೆಟ್ಟಿನ ಬೆಲೆ ಮುಂಚೆ ಕೊಂಡರೂ ಅದೇ, ಹೊರಡುವ ಗಳಿಗೆಯಲ್ಲಿ ಕೊಂಡರೂ ಅದೇ. ದಿನ, ರೈಲು ಗೊತ್ತುಮಾಡಿಕೊಂಡು ಕೊಳ್ಳುವ ಅಗ್ಗದ ಸೇವರ್ ಟಿಕೆಟ್ಟುಗಳು ಬೇರೆ. ಹೀಗಾಗಿ ಕಾಯುವುದರಿಂದ ನಷ್ಟವಿಲ್ಲ.

ಪ್ರಶ್ನೆ: ನನಗೆ 24 ವರ್ಷ. ಕೆಲಸ ಬದಲಿಸುವ ನಡುವೆ ಒಂದು ತಿಂಗಳ ಬಿಡುವಿದೆ. ಆಮ್‌ಸ್ಟರ್‌ಡ್ಯಾಮ್‌ನಿಂದ ಹೊರಟು ಬರ್ಲಿನ್, ಪ್ರಾಗ್, ವಿಯೆನ್ನಾ, ಬುಡಾಪೆಸ್ಟ್ ನೋಡಿ ಮ್ಯೂನಿಕ್‌ನಿಂದ ಮರಳುವ ಯೋಚನೆ. ಎಲ್ಲಿ ಎಷ್ಟು ದಿನ ಎಂದು ಈಗಲೇ ಗೊತ್ತುಮಾಡಿಕೊಳ್ಳಲು ಇಷ್ಟವಿಲ್ಲ. ಇಡೀ ತಿಂಗಳ ಪಾಸ್ ಕೊಳ್ಳಲೇ? (ರಾಜಾಜಿನಗರದ ಓದುಗರು)

ಉತ್ತರ: ಪಾಸ್ ಇರುವುದೇ ನಿಮ್ಮಂಥವರಿಗೆ. ಆದರೆ ಇಡೀ ತಿಂಗಳದ್ದು ಬೇಡ. ಒಂದು ತಿಂಗಳೊಳಗೆ ಐದು ಅಥವಾ ಏಳು ದಿನ ಓಡಾಡುವಂಥದ್ದು ಸಾಕು. ನಿಮಗೆ ಇನ್ನೂ 28 ತುಂಬಿಲ್ಲವಾದ್ದರಿಂದ ಯುವಜನರ ದರ ಅನ್ವಯಿಸುತ್ತದೆ. ವಯಸ್ಕರ ಬೆಲೆಗಿಂತ ಅದು ಕಾಲುಭಾಗ ಕಡಿಮೆ.

ಜಯನಗರದ ದಂಪತಿಗೆ ಬೇಡವೆಂದ ಪಾಸನ್ನು ನಿಮಗೆ ಏಕೆ ಹೇಳುತ್ತಿದ್ದೇನೆಂದರೆ, ದೇಶಗಳು ಬೇರೆ. ಜರ್ಮನಿ, ಆಸ್ಟ್ರಿಯಾಗಳಲ್ಲಿ ಹಗಲಿನ ರೈಲಿಗೆ, ಅದು ಐಸಿಇಯಂಥ ವೇಗದ ರೈಲೇ ಆಗಿದ್ದರೂ, ಸೀಟು ಕಾಯ್ದಿರಿಸುವ ಕಡ್ಡಾಯವಿಲ್ಲ. ಪಾಸ್ ಹಿಡಿದು ಬಂದು ಹತ್ತಬಹುದು, ಆ ಗಾಡಿ ತಪ್ಪಿದರೆ ಮುಂದಿನದು. ಜರ್ಮನಿಯ ಐಸಿಇಯಲ್ಲಿ ಪ್ರತಿ ಸೀಟಿನ ಬಳಿಯಿರುವ ಪುಟ್ಟ ಪರದೆಯಲ್ಲಿ ಎರಡು ಊರಿನ ಹೆಸರು ಮೂಡಿದ್ದರೆ, ಆ ಊರುಗಳ ನಡುವೆ ಆ ಸೀಟು ಇನ್ನೊಬ್ಬರದು ಎಂದು ಅರ್ಥ, ಖಾಲಿಯಿದ್ದರೆ ಕೂರಬಹುದು. ನಮ್ಮ ವೇಟಿಂಗ್ ಲಿಸ್ಟ್, ಆರ್‌ಎಸಿಗಳ ಲೋಕದಿಂದ ಹೋದವರಿಗೆ ಮೊದಲ ದಿನ ಇದು ನಂಬಲಾಗದ ಸುಖವೆನ್ನಿಸುತ್ತದೆ. ಶುಕ್ರವಾರ ಸಂಜೆ ಮಾತ್ರ ನಿಂತು ಪ್ರಯಾಣಿಸುವ ಸಂಭವವಿದೆ. ಆ ಹೊತ್ತಿಗೆ ಹೊರಡುವುದಿದ್ದರೆ ಐದಾರು ಯೂರೊ ಕೊಟ್ಟು ಸೀಟು ಕಾಯ್ದಿರಿಸಿಕೊಳ್ಳಿ.

ಆದರೆ ಪೂರ್ವಕ್ಕೆ ಹೋದಂತೆ ಲೆಕ್ಕ ತಿರುಗುತ್ತದೆ. ಏಳು ದಿನದ ಪಾಸಿನಲ್ಲಿ ನಿಮಗೆ ದಿನವೊಂದಕ್ಕೆ 40 ಯೂರೊ ಆಸುಪಾಸು ಬೀಳುತ್ತದೆ. ಪ್ರಾಗ್–ವಿಯೆನ್ನಾ ನಾಲ್ಕು ಗಂಟೆಯ ಹಾದಿ, ವಿಯೆನ್ನಾ–ಬುಡಾಪೆಸ್ಟ್ ಎರಡೂಮುಕ್ಕಾಲು ಗಂಟೆಗೂ ಕಡಿಮೆ. ಕೆಲವು ದಿನ ಮುಂಚೆ ನೋಡಿದರೆ ಇವುಗಳಿಗೆ ಅದರ ಅರ್ಧ ಬೆಲೆಗೆ ಟಿಕೆಟ್ ಸಿಗುವುದುಂಟು. ಹಾಗೆ ಸಿಕ್ಕಿದಾಗ ಟಿಕೆಟ್ಟನ್ನೇ ಕೊಳ್ಳಿ, ಪಾಸಿನ ದಿನವನ್ನು ಉಳಿಸಿಕೊಳ್ಳಿ. ಆಮ್‌ಸ್ಟರ್‌ಡ್ಯಾಮ್–ಬರ್ಲಿನ್, ಬರ್ಲಿನ್–ಪ್ರಾಗ್, ಬುಡಾಪೆಸ್ಟ್–ಮ್ಯೂನಿಕ್ ಇಂಥ ಉದ್ದನೆಯ ದಿನಗಳಿಗೆ, ಇಲ್ಲವೇ ಎದ್ದ ಮೇಲೆ ಎಲ್ಲಿಗೆಂದು ತೀರ್ಮಾನಿಸಿದ ದಿನಗಳಿಗೆ ಪಾಸ್ ಬಳಸಿ. ಪಾಸ್ ಕೊಂಡವರು ಟಿಕೆಟ್ ಕೊಳ್ಳಬಾರದೆಂಬ ವ್ರತವೇನೂ ಇಲ್ಲ.

ರಾತ್ರಿ ರೈಲಿನ ಬಗ್ಗೆ ಒಂದು ನಿಯಮ ತಿಳಿದಿರಲಿ. ಪಾಸಿನ ಒಂದು ದಿನವೆಂದರೆ ನಡುರಾತ್ರಿಯಿಂದ ನಡುರಾತ್ರಿ. ಆದರೆ ನಡುರಾತ್ರಿಗೆ ಮುಂಚೆ ಹೊರಡುವ ರಾತ್ರಿ ರೈಲಿನಲ್ಲಿ, ಹನ್ನೆರಡರ ನಂತರ ಬೇರೆ ರೈಲಿಗೆ ಬದಲಿಸದಿದ್ದರೆ, ಹೊರಟ ದಿನವೊಂದೇ ಲೆಕ್ಕಕ್ಕೆ ಬರುತ್ತದೆ. ಬರ್ಲಿನ್‌ನಿಂದ ವಿಯೆನ್ನಾಕ್ಕೆ, ಆಮ್‌ಸ್ಟರ್‌ಡ್ಯಾಮ್‌ನಿಂದ ವಿಯೆನ್ನಾಕ್ಕೆ ಆಸ್ಟ್ರಿಯಾ ರೈಲ್ವೆಯ ನೈಟ್‌ಜೆಟ್ ಓಡುತ್ತದೆ. ಅದರಲ್ಲಿ ಕೂರುವುದಕ್ಕೂ ಮಲಗುವುದಕ್ಕೂ ಕಾಯ್ದಿರಿಸಲೇಬೇಕು. ಮಲಗುವ ಬರ್ತ್‌ಗಳು ಬೇಸಿಗೆಯಲ್ಲಿ ಬೇಗ ತುಂಬಿಹೋಗುವುದರಿಂದ, ಮುಂಚೆ ಗೊತ್ತುಮಾಡಿಕೊಳ್ಳಲು ಇಷ್ಟವಿಲ್ಲವೆನ್ನುವ ನೀವೂ ಈ ಒಂದು ವಿಷಯದಲ್ಲಿ ಹಟ ಬಿಡಬೇಕಾಗುತ್ತದೆ.

ಹಾಗೆಂದು ಬರ್ಲಿನ್–ಪ್ರಾಗ್ ಹಾದಿಯನ್ನು ಮಾತ್ರ ರಾತ್ರಿಯಲ್ಲಿ ಕಳೆದುಕೊಳ್ಳಬೇಡಿ. ಡ್ರೆಸ್ಡೆನ್ ದಾಟಿದ ಮೇಲೆ ರೈಲು ಎಲ್ಬ ನದಿಯ ದಡದಲ್ಲೇ ಸಾಗುತ್ತದೆ. ಎಡಗಡೆಯ ಕಿಟಕಿಯಲ್ಲಿ ಕುಳಿತರೆ ಮರಳುಗಲ್ಲಿನ ಕಂಬದಂಥ ಬಂಡೆಗಳು, ನೀರಿನಂಚಿನ ಪುಟ್ಟ ಊರುಗಳು ಗಡಿಯವರೆಗೂ ಕಾಣುತ್ತವೆ. ಸಕಲೇಶಪುರದ ಘಾಟಿಯಲ್ಲಿ ಹಗಲು ರೈಲಿಗೇ ಕಾದು ಹೋಗುವವರಿಗೆ ಹೆಚ್ಚು ಹೇಳಬೇಕಿಲ್ಲ.

ಪ್ರಶ್ನೆ: ಮಗಳು ಮ್ಯೂನಿಕ್‌ನಲ್ಲಿ ಎಂಎಸ್ ಓದುತ್ತಿದ್ದಾಳೆ. ನಾವು ಹೋದಾಗ ಮೂವರೂ ಒಟ್ಟಿಗೆ ತಿರುಗಾಡಬೇಕು. ಅವಳಿಗೂ ನಮ್ಮ ಹಾಗೆ ಯೂರೇಲ್ ಕೊಳ್ಳಬಹುದೇ? (ಬಸವನಗುಡಿಯ ಓದುಗರು)

ಉತ್ತರ: ಕೊಳ್ಳಲಾಗದು. ಇಲ್ಲಿ ನೋಡುವುದು ಪಾಸ್‌ಪೋರ್ಟ್ ಯಾವ ದೇಶದ್ದೆಂಬುದನ್ನಲ್ಲ, ವಾಸ ಎಲ್ಲಿ ಎಂಬುದನ್ನು. ಜರ್ಮನಿಯ ನಿವಾಸಿಯಾದ ನಿಮ್ಮ ಮಗಳಿಗೆ 1972ರಲ್ಲಿ ಆರಂಭವಾದ ಇಂಟರ್‌ರೇಲ್ ಪಾಸ್. ಎರಡೂ ಪಾಸುಗಳು ನಡೆಯುವ ರೈಲುಗಳು ಅವೇ, ಒಂದೇ ಬೋಗಿಯಲ್ಲಿ ಕುಳಿತು ಹೋಗಲು ಅಡ್ಡಿಯಿಲ್ಲ. ಆದರೆ ಇಂಟರ್‌ರೇಲ್ ಉಳ್ಳವರು ತಾವು ವಾಸಿಸುವ ದೇಶದಲ್ಲಿ ಅದನ್ನು ದೇಶದಿಂದ ಹೊರಗೆ ಹೋಗಲು ಒಮ್ಮೆ, ಮರಳಿ ಬರಲು ಒಮ್ಮೆ ಮಾತ್ರ ಬಳಸಬಹುದು. ಆದ್ದರಿಂದ ಜರ್ಮನಿಯ ಒಳಗೇ ಸುತ್ತುವ ಯೋಜನೆಗೆ ಅದು ಒದಗುವುದಿಲ್ಲ.

ನಿಮ್ಮ ತಿರುಗಾಟ ಮ್ಯೂನಿಕ್ ಇರುವ ಬವೇರಿಯಾ ರಾಜ್ಯದ ಸುತ್ತಮುತ್ತವೇ ಆಗಿದ್ದರೆ ಮೂವರಿಗೂ ಪಾಸಿನ ಗೊಡವೆ ಬೇಡ. ಬಾಯರ್ನ್ ಟಿಕೆಟ್ ಎಂಬ ದಿನದ ಟಿಕೆಟ್ಟಿನಲ್ಲಿ ಐವರವರೆಗೆ ಒಟ್ಟಿಗೆ ಪ್ರಾದೇಶಿಕ ರೈಲುಗಳಲ್ಲಿ ಓಡಾಡಬಹುದು. ಆಸ್ಟ್ರಿಯಾದ ಗಡಿ ದಾಟಿ ಸಾಲ್ಜ್‌ಬರ್ಗ್‌ವರೆಗೂ ಅದು ನಡೆಯುತ್ತದೆ. ವಾರದ ದಿನಗಳಲ್ಲಿ ಬೆಳಿಗ್ಗೆ ಒಂಬತ್ತರ ನಂತರವೇ ಹೊರಡಬೇಕೆಂಬ ನಿಬಂಧನೆಯಿದೆ, ಐಸಿಇ ಹತ್ತುವಂತಿಲ್ಲ. 2023ರ ಮೇ ತಿಂಗಳಲ್ಲಿ 49 ಯೂರೊಗೆ ಆರಂಭವಾಗಿ ಆಮೇಲೆ ಬೆಲೆ ಏರಿಸಿಕೊಂಡಿರುವ ಡಾಯಿಚ್‌ಲಾಂಡ್ ಟಿಕೆಟ್ಟನ್ನೂ ಮಗಳು ಸೂಚಿಸಬಹುದು. ಅದು ಇಡೀ ತಿಂಗಳು ದೇಶದ ಎಲ್ಲ ಪ್ರಾದೇಶಿಕ ರೈಲು, ಬಸ್ಸು, ಟ್ರಾಮುಗಳಿಗೆ ಆಗುವುದು ನಿಜ. ಆದರೆ ಅದು ತಾನಾಗಿ ನವೀಕರಣಗೊಳ್ಳುವ ಚಂದಾ. ಆಯಾ ತಿಂಗಳ 10ನೇ ತಾರೀಖಿನೊಳಗೆ ರದ್ದು ಮಾಡದಿದ್ದರೆ, ನೀವು ಬೆಂಗಳೂರಿಗೆ ಮರಳಿದ ಮೇಲೂ ಮುಂದಿನ ತಿಂಗಳ ಹಣ ಕಡಿತವಾಗುತ್ತದೆ.

ಪ್ರಶ್ನೆ: ಮುಂಗಡ ಟಿಕೆಟ್ ಅಗ್ಗ ಎನ್ನುತ್ತೀರಿ. ವೀಸಾ ಕೈಗೆ ಬರುವ ಮೊದಲು ಟಿಕೆಟ್ ತೆಗೆದು, ವೀಸಾ ಸಿಗದಿದ್ದರೆ ಗತಿಯೇನು? (ವಿಜಯನಗರದ ಓದುಗರು)

ಉತ್ತರ: ಯುರೋಪಿನವರೇ ಬರೆದ ಸಲಹೆಗಳಲ್ಲಿ ಈ ಪ್ರಶ್ನೆ ಬರುವುದಿಲ್ಲ, ಏಕೆಂದರೆ ಅವರಿಗೆ ವೀಸಾ ಬೇಕಿಲ್ಲ. ಅವರ ‘ಮೂರು ತಿಂಗಳು ಮುಂಚೆ ಕೊಳ್ಳಿ’ ಎಂಬ ಮಾತನ್ನು ನಾವು ಹಾಗೆಯೇ ಪಾಲಿಸಿದರೆ ಪೆಟ್ಟು ತಿನ್ನಬೇಕಾದೀತು. ಯುರೋಪಿನ ಹೆಚ್ಚಿನ ದೇಶಗಳಿಗೆ ಒಂದೇ ಆಗಿ ಸಲ್ಲುವ ಷೆಂಗೆನ್ ವೀಸಾಕ್ಕೆ ಪ್ರಯಾಣದ ಆರು ತಿಂಗಳು ಮುಂಚಿನಿಂದ ಅರ್ಜಿ ಹಾಕಬಹುದು. ಅರ್ಜಿ ತಲುಪಿದ ಮೇಲೆ ಸಾಮಾನ್ಯವಾಗಿ 15 ದಿನಗಳಲ್ಲಿ ತೀರ್ಮಾನವಾಗಬೇಕು. ಕೆಲವು ಪ್ರಕರಣಗಳಲ್ಲಿ ಅದನ್ನು 45 ದಿನಗಳವರೆಗೆ ಎಳೆಯಬಹುದು. ಅರ್ಜಿ ಕೊಡಲು ದಿನ ಸಿಗುವುದೇ ಬೇಸಿಗೆಗೆ ಮುಂಚೆ ಕಷ್ಟ. ಹೀಗಾಗಿ ಬೆಂಗಳೂರಿನವರಿಗೆ ಪಾಸೋ ಟಿಕೆಟ್ಟೋ ಎಂಬುದನ್ನು ಕೊನೆಗೆ ತೀರ್ಮಾನಿಸುವುದು ರೈಲಿನ ದರವಲ್ಲ, ಪಾಸ್‌ಪೋರ್ಟಿನಲ್ಲಿ ವೀಸಾ ಅಂಟಿಸಿ ಬಂದ ದಿನ.

ವೀಸಾ ಬಂದಾಗ ಇನ್ನೂ ಎರಡು ತಿಂಗಳಿದ್ದರೆ ನಿಶ್ಚಿಂತೆಯಾಗಿ ಬಿಡಿ ಟಿಕೆಟ್ಟಿನ ದಾರಿ ಹಿಡಿಯಿರಿ. ಮೂರೇ ವಾರ ಉಳಿದಿದ್ದರೆ ಅಗ್ಗದ ಟಿಕೆಟ್ಟುಗಳು ಖಾಲಿಯಾಗಿ, ನಾಲ್ಕೈದು ದೂರದ ಪ್ರಯಾಣಗಳುಳ್ಳ ಯೋಜನೆಗೆ ಪಾಸೇ ಹಗುರವಾಗಿ ಕಾಣಬಹುದು. ಜಯನಗರದ ಓದುಗರೂ ಇದನ್ನು ಗಮನಿಸಬೇಕು. ಅವರಿಗೆ ಹೇಳಿದ ಉತ್ತರ ಕೈಯಲ್ಲಿ ಸಮಯವಿದ್ದಾಗಿನದು.

ವೀಸಾಕ್ಕೆ ಕಾಯುತ್ತಲೇ ಏನಾದರೂ ಕೊಳ್ಳಲೇಬೇಕೆಂದಿದ್ದರೆ, ಹಣ ಮರಳುವಂಥದ್ದನ್ನು ಕೊಳ್ಳಿ. ಯೂರೇಲ್ ಪಾಸನ್ನು ಕೊಂಡ 11 ತಿಂಗಳೊಳಗೆ ಆರಂಭಿಸಿದರೆ ಸಾಕು. ಆರಂಭಿಸದೆ ಮರಳಿಸಿದರೆ ಸಾಮಾನ್ಯವಾಗಿ ಬೆಲೆಯ ನೂರಕ್ಕೆ 85ರಷ್ಟು ವಾಪಸ್ಸು ಬರುತ್ತದೆ, ರಿಯಾಯಿತಿ ಮಾರಾಟದಲ್ಲಿ ಕೊಂಡದ್ದಕ್ಕೆ ನಿಯಮ ಬೇರೆ. ಫ್ರಾನ್ಸಿನ ಒಳಗಿನ ಟಿಜಿವಿ ಇನುಯಿ ರೈಲಿನ ಸಾಮಾನ್ಯ ಟಿಕೆಟ್ಟನ್ನು ಹೊರಡುವ ಒಂದು ವಾರ ಮುಂಚಿನವರೆಗೆ ನಷ್ಟವಿಲ್ಲದೆ ರದ್ದುಮಾಡಬಹುದು. ಇಟಲಿ, ಜರ್ಮನಿಗಳ ಅತಿ ಅಗ್ಗದ ಟಿಕೆಟ್ಟುಗಳಿಗೆ ಮಾತ್ರ ವೀಸಾ ಬರುವವರೆಗೆ ಕೈ ಹಾಕಬೇಡಿ. ಸ್ವಿಟ್ಜರ್ಲೆಂಡಿನ ಒಳಗಿನ ಸಾಮಾನ್ಯ ಟಿಕೆಟ್, ಎಲ್ಲ ದೇಶಗಳ ಪ್ರಾದೇಶಿಕ ರೈಲುಗಳ ಟಿಕೆಟ್ ಇವುಗಳನ್ನು ಅಲ್ಲಿಗೆ ಹೋದ ಮೇಲೆ ಕೊಂಡರಾಯಿತು, ಬೆಲೆ ಓಡಿಹೋಗುವುದಿಲ್ಲ.

ಇನ್ನೊಂದು ಸಣ್ಣ ವಿಷಯ. ನಮ್ಮ ಬ್ಯಾಂಕುಗಳ ಹೊಸ ಕಾರ್ಡುಗಳಲ್ಲಿ ರಿಸರ್ವ್ ಬ್ಯಾಂಕಿನ ನಿಯಮದಂತೆ ವಿದೇಶಿ ವಹಿವಾಟು ಮೊದಲಿಗೆ ಸ್ಥಗಿತವಾಗಿಯೇ ಇರುತ್ತದೆ. ಟಿಕೆಟ್ ಕೊಳ್ಳಲು ಕೂರುವ ಮುನ್ನ ಅದನ್ನು ಬ್ಯಾಂಕಿನ ಆ್ಯಪ್‌ನಲ್ಲಿ ಚಾಲೂ ಮಾಡಿಕೊಳ್ಳಿ. ಇಲ್ಲದಿದ್ದರೆ ಅಗ್ಗದ ಸೀಟು ಕಣ್ಣೆದುರೇ ಕೈತಪ್ಪುತ್ತದೆ.

ಪ್ರಶ್ನೆ: ಯೂರೇಲ್ ಪಾಸಿನಲ್ಲಿ ಪ್ಯಾರಿಸ್‌ನಿಂದ ಲಂಡನ್‌ಗೂ ಹೋಗಬಹುದಂತೆ, ನಿಜವೇ? (ಯಲಹಂಕದ ಓದುಗರು)

ಉತ್ತರ: ನಿಜ. ಆದರೆ ಯೂರೋಸ್ಟಾರ್‌ನಲ್ಲಿ ಪಾಸಿನವರಿಗೆಂದು ಇಟ್ಟಿರುವ ಸೀಟುಗಳು ಮಿತಿಯಲ್ಲಿವೆ. ಕಾಯ್ದಿರಿಸುವ ಶುಲ್ಕವೂ 30 ಯೂರೊಗಿಂತ ಕಡಿಮೆಯಿಲ್ಲ. ಷೆಂಗೆನ್ ವೀಸಾ ಲಂಡನ್‌ಗೆ ನಡೆಯುವುದಿಲ್ಲ, ಬ್ರಿಟನ್ನಿನದೇ ಬೇರೆ ಬೇಕು. ಪಾಸ್‌ಪೋರ್ಟ್ ತಪಾಸಣೆಯೆಲ್ಲ ಪ್ಯಾರಿಸ್‌ನ ಗಾರ್ ದ್ಯು ನಾರ್ ನಿಲ್ದಾಣದಲ್ಲೇ, ರೈಲು ಹತ್ತುವ ಮುನ್ನ ನಡೆಯುವುದರಿಂದ ವಿಮಾನಕ್ಕೆ ಹೋಗುವಂತೆ ಮುಂಚೆಯೇ ಹೋಗಿ.

ಪ್ರಶ್ನೆ: ಪಾಸ್ ಈಗ ಫೋನಿನಲ್ಲೇ ಬರುತ್ತದೆಯಂತೆ. ನೆಟ್‌ವರ್ಕ್ ಇಲ್ಲದಿದ್ದರೆ, ಚಾರ್ಜ್ ಮುಗಿದರೆ ಏನು ತೋರಿಸುವುದು? (ಕೋರಮಂಗಲದ ಓದುಗರು)

ಉತ್ತರ: ರೈಲ್ ಪ್ಲಾನರ್ ಎಂಬ ಆ್ಯಪ್‌ನಲ್ಲಿ ಪಾಸ್ ಇರುತ್ತದೆ. ಪ್ರತಿ ಪ್ರಯಾಣವನ್ನೂ ರೈಲು ಹತ್ತುವ ಮುಂಚೆಯೇ ಅದರಲ್ಲಿ ಸೇರಿಸಿರಬೇಕು. ‘ಟಿ.ಸಿ. ಬಂದ ಮೇಲೆ ಸೇರಿಸೋಣ’ ಎಂದು ಕಾದು ಕುಳಿತವರನ್ನು ಟಿಕೆಟ್ ಇಲ್ಲದವರೆಂದೇ ಪರಿಗಣಿಸಿ ದಂಡ ಹಾಕುತ್ತಾರೆ. ಸೇರಿಸಿದ ಮೇಲೆ ನೆಟ್‌ವರ್ಕ್ ಇಲ್ಲದೆಯೂ ಪಾಸ್ ತೋರಿಸಬಹುದು. ಮೂರು ದಿನಕ್ಕೊಮ್ಮೆಯಾದರೂ ಆ್ಯಪ್ ಇಂಟರ್ನೆಟ್ಟಿಗೆ ಸೇರಬೇಕು, ಅಷ್ಟೇ. ಚಾರ್ಜ್ ಮುಗಿಯದಂತೆ ನೋಡಿಕೊಳ್ಳುವುದು ನಿಮ್ಮ ಹೊಣೆ, ಪವರ್ ಬ್ಯಾಂಕ್ ಜೊತೆಗಿರಲಿ. ತಪಾಸಣೆಯಲ್ಲಿ ಪಾಸ್‌ಪೋರ್ಟ್ ಕೇಳುವುದುಂಟು, ಆದ್ದರಿಂದ ಅದನ್ನು ಹೋಟೆಲಿನಲ್ಲಿ ಬಿಟ್ಟು ಬರಬೇಡಿ.

ಕಾಗದದ ಟಿಕೆಟ್ಟೇ ಇಷ್ಟವೆನ್ನುವವರಿಗೂ ಒಂದು ಮಾತು. ಇಟಲಿಯ ಪ್ರಾದೇಶಿಕ ರೈಲಿನ ಕಾಗದದ ಟಿಕೆಟ್ಟನ್ನು ಹತ್ತುವ ಮುನ್ನ ಪ್ಲಾಟ್‌ಫಾರ್ಮಿನ ಬಳಿಯ ಪುಟ್ಟ ಯಂತ್ರಕ್ಕೆ ತೂರಿಸಿ ಮುದ್ರೆ ಒತ್ತಿಸಬೇಕು. ಒತ್ತಿದಾಗ ‘ಟಕ್’ ಎಂಬ ಸದ್ದಾಗಿ ಅಂಚಿನಲ್ಲಿ ತಾರೀಖು, ವೇಳೆ ಮೂಡುತ್ತದೆ. ಸದ್ದು ಕೇಳಿಸಿತೆಂದು ನಂಬಿ ಹೊರಟುಬಿಡಬೇಡಿ. ಶಾಯಿ ಒಣಗಿದ ಯಂತ್ರಗಳೂ ಇರುತ್ತವೆ. ಅಕ್ಷರ ಮೂಡಿದೆಯೇ ಎಂದು ಬೆಳಕಿಗೆ ಹಿಡಿದು ನೋಡಿ, ಮೂಡಿಲ್ಲದಿದ್ದರೆ ಪಕ್ಕದ ಯಂತ್ರಕ್ಕೆ ಹೋಗಿ.